ಎರಡನೇ ಕುರ್ಚಿಯ ಆಸೆ

ಉಪಮುಖ್ಯಮಂತ್ರಿಗೆ ಮುಖ್ಯಮಂತ್ರಿಯಾಗುವ ಆಸೆ ಇದೆಯಂತೆ. ಎರಡೂವರೆ ವರ್ಷದಿಂದ ನಮ್ಮ ಸುದ್ದಿವಾಹಿನಿಗಳು ಇದನ್ನು ಏನೋ ಪತ್ತೇದಾರಿ ಕೆಲಸವೆಂಬಂತೆ ಬಗೆಯುತ್ತಿವೆ. ಅವರು ಯಾವ ದೇವಸ್ಥಾನಕ್ಕೆ ಹೋದರು, ದೆಹಲಿಗೆ ಎಷ್ಟು ಸಲ ಹೋದರು, ಯಾವ ಶಾಸಕ ಯಾರ ಮನೆಯ ಮೆಟ್ಟಿಲು ಹತ್ತಿದ, ಎಲ್ಲಕ್ಕೂ ಲೆಕ್ಕ ಇದೆ. ನವೆಂಬರ್ 29ರ ಶನಿವಾರ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮನೆಯಲ್ಲಿ ಇಬ್ಬರೂ ಕೂತು ನಾಷ್ಟಾ ಮಾಡಿದರು. ಡಿಸೆಂಬರ್ 2ರ ಮಂಗಳವಾರ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರರ ಸದಾಶಿವನಗರದ ಮನೆಯಲ್ಲಿ ನಾಟಿ ಕೋಳಿ ಸಾರು. ಸಾರಿಗೆ ಖಾರ ಎಷ್ಟಿತ್ತು ಎನ್ನುವುದೊಂದು ಬಿಟ್ಟು ಮಿಕ್ಕದ್ದೆಲ್ಲ ನಮಗೆ ತಿಳಿಯಿತು.

ಈ ಗಲಾಟೆಯಲ್ಲಿ ಎರಡು ಆರೋಪಗಳು ಒಂದರ ಹಿಂದೊಂದು ಓಡಾಡುತ್ತಿವೆ. ಒಂದು, ಈ ಮನುಷ್ಯನಿಗೆ ಕುರ್ಚಿಯ ಆಸೆ ಜಾಸ್ತಿ. ಎರಡು, ಈ ಮನುಷ್ಯ ಆ ಕುರ್ಚಿಗೆ ತಕ್ಕವನಲ್ಲ. ಪರವಾಗಿರುವವರು ಇವನ್ನೇ ತಿರುಗಿಸಿ ಹೊಗಳಿಕೆ ಮಾಡುತ್ತಾರೆ: ದುಡಿದವನಿಗೆ ಆಸೆ ತಪ್ಪೇ, 135 ಸ್ಥಾನ ತಂದುಕೊಟ್ಟವನಿಗಿಂತ ಯೋಗ್ಯ ಯಾರು? ನನ್ನ ತಕರಾರು ಎರಡೂ ಕಡೆಯವರ ಮೇಲಿದೆ. ಮೊದಲನೆಯದು ಆರೋಪವೇ ಅಲ್ಲ. ಎರಡನೆಯದು ತೂಕದ ಪ್ರಶ್ನೆ, ಆದರೆ ಅದನ್ನು ಕೇಳುತ್ತಿರುವವರಲ್ಲಿ ಯಾರಿಗೂ ಉತ್ತರ ಬೇಕಾಗಿಲ್ಲ. ಹಲಸೂರಿನಲ್ಲಿ ಬಾಡಿಗೆ ಕಟ್ಟಿಕೊಂಡು, ದಿನಾ ಕೆ.ಆರ್. ಪುರದ ಕಡೆ ಕೆಲಸಕ್ಕೆ ಹೋಗುವ ನನ್ನಂಥವರಿಗೆ ಉತ್ತರ ಬೇಕಾಗಿದೆ.

ಆಸೆಯ ಮಾತು ಮೊದಲು ಮುಗಿಸೋಣ.

ಕರ್ನಾಟಕಕ್ಕೆ ಉಪಮುಖ್ಯಮಂತ್ರಿ ಎಂಬ ಹೆಸರು ಬಂದದ್ದೇ ತಡವಾಗಿ. ವೀರಪ್ಪ ಮೊಯಿಲಿಯವರ ಸಂಪುಟದಲ್ಲಿ ಎಸ್.ಎಂ. ಕೃಷ್ಣ ಮೊದಲ ಉಪಮುಖ್ಯಮಂತ್ರಿ. ಅವರು 1999ರಲ್ಲಿ ಮುಖ್ಯಮಂತ್ರಿಯಾದರು. ದೇವೇಗೌಡರ ಕೈಕೆಳಗೆ ಜೆ.ಎಚ್. ಪಟೇಲರು ಉಪ, 1996ರಲ್ಲಿ ಗೌಡರು ಪ್ರಧಾನಿಯಾಗಿ ಹೋದಾಗ ಪಟೇಲರು ಮುಖ್ಯಮಂತ್ರಿ. ಆಗ ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬರು ಸಿದ್ದರಾಮಯ್ಯ. ಪಟೇಲರೆದುರು ಹಿಂದೆ ಬಿದ್ದು ಉಪಮುಖ್ಯಮಂತ್ರಿಯಾದರು. 2004ರಲ್ಲಿ ಧರ್ಮಸಿಂಗ್ ಸರ್ಕಾರದಲ್ಲಿ ಮತ್ತೊಮ್ಮೆ ಉಪ, 2005ರಲ್ಲಿ ಆ ಸ್ಥಾನವೂ ಹೋಯಿತು. 2006ರಲ್ಲಿ ಕುಮಾರಸ್ವಾಮಿಯವರ ಪಕ್ಕದಲ್ಲಿ ಯಡಿಯೂರಪ್ಪ ಉಪ. ಮುಂದಿನದು ಎಲ್ಲರಿಗೂ ಗೊತ್ತು.

ಅಂದರೆ ಈ ರಾಜ್ಯದಲ್ಲಿ ಎರಡನೇ ಕುರ್ಚಿಯಲ್ಲಿ ಕೂತು ಮೊದಲನೆಯದನ್ನು ನೋಡದವರು ಬಲು ವಿರಳ. ಕೃಷ್ಣ, ಪಟೇಲ್, ಸಿದ್ದರಾಮಯ್ಯ, ಯಡಿಯೂರಪ್ಪ, ನಾಲ್ವರೂ ಆ ದಾರಿಯಲ್ಲೇ ನಡೆದವರು. ಇಂದಿನ ಮುಖ್ಯಮಂತ್ರಿ ಎರಡು ಸಲ ಉಪಮುಖ್ಯಮಂತ್ರಿಯಾಗಿದ್ದವರು. ಅವರ ಅಭಿಮಾನಿಗಳು ಶಿವಕುಮಾರರ ಆಸೆಯನ್ನು ಒಂದು ನಡತೆಗೇಡಿನಂತೆ ಎತ್ತಿ ತೋರಿಸುವಾಗ 1996 ಅವರಿಗೆ ನೆನಪಾಗುವುದಿಲ್ಲ. ವಿರೋಧ ಪಕ್ಷದ ನಾಯಕ ಆರ್. ಅಶೋಕ ಅವರೂ ಜಗದೀಶ ಶೆಟ್ಟರ್ ಸಂಪುಟದಲ್ಲಿ ಉಪಮುಖ್ಯಮಂತ್ರಿಯಾಗಿದ್ದವರೇ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ರಾಜಕೀಯಕ್ಕೆ ಬಂದವನಿಗೆ ಅಧಿಕಾರ ಬೇಡ ಎಂದರೆ ಅವನ ಮೇಲೆ ಅನುಮಾನ ಪಡಬೇಕು. ಬೇಕು ಎಂದರೆ ಅದರಲ್ಲಿ ಸುದ್ದಿಯೇನೂ ಇಲ್ಲ.

ಆಸೆಯನ್ನು ಪಾಪವೆಂದು ನೋಡುವ ಈ ಚಟ ಎಲ್ಲಿಂದ ಬಂತು ಎಂದು ಯೋಚಿಸಿದ್ದೇನೆ. ನಮ್ಮ ತಲೆಯಲ್ಲಿ ಇನ್ನೂ ದರ್ಬಾರು ಇದೆ. ಎರಡನೆಯವನು ಅಂದರೆ ದಳವಾಯಿ. ಹದಿನೆಂಟನೇ ಶತಮಾನದ ಮೈಸೂರಿನಲ್ಲಿ ಒಡೆಯರನ್ನು ಗಾದಿಯ ಮೇಲೆ ಕೂರಿಸಿ ಆಳುತ್ತಿದ್ದವರು ದಳವಾಯಿಗಳು. ಇನ್ನೂ ಹಿಂದಕ್ಕೆ ಹೋದರೆ ಕಲ್ಯಾಣದ ಚಾಲುಕ್ಯರ ಮಾಂಡಲಿಕ ಬಿಜ್ಜಳ, ಒಡೆಯನ ಸಿಂಹಾಸನವನ್ನೇ ಏರಿದವನು. ಆ ಲೋಕದಲ್ಲಿ ಎರಡನೆಯವನ ಆಸೆ ದ್ರೋಹವೇ, ಏಕೆಂದರೆ ಅಲ್ಲಿ ಸಿಂಹಾಸನಕ್ಕೆ ಇನ್ನೊಂದು ದಾರಿ ಇರಲಿಲ್ಲ. (ಬಿಜ್ಜಳನನ್ನು ನಾವು ಇಂದಿಗೂ ನೆನೆಯುವುದು ಅವನು ಗಾದಿ ಕಿತ್ತುಕೊಂಡದ್ದಕ್ಕಲ್ಲ, ಶರಣರಿಗೆ ಅವನ ಕಾಲದಲ್ಲಿ ಆದದ್ದಕ್ಕೆ.) ಇಲ್ಲಿ ದಾರಿ ಇದೆ. ಶಾಸಕರಿದ್ದಾರೆ, ಅವರಿಗೆ ಮತ ಇದೆ, ಎಣಿಸಬಹುದು. ಆದರೆ ಎಣಿಸುವುದನ್ನು ಯಾರೂ ಬಯಸುವುದಿಲ್ಲ.

ನನ್ನ ಮೊದಲ ಜಗಳ ಇಲ್ಲೇ. ಆಸೆಯ ಬಗ್ಗೆ ಅಲ್ಲ, ಗುಟ್ಟಿನ ಬಗ್ಗೆ.

ಅಮೆರಿಕದ ಮತದಾರನ ಮುಂದೆ ಇಬ್ಬರ ಹೆಸರೂ ಒಟ್ಟಿಗೆ ಬರುತ್ತವೆ. ಅಧ್ಯಕ್ಷನ ಜೊತೆ ಓಡುವವನು ಯಾರೆಂದು ಮತಗಟ್ಟೆಗೆ ಹೋಗುವ ಮುನ್ನವೇ ಗೊತ್ತು. ಅವನು ಯೋಗ್ಯನೇ, ನಾಳೆ ಮೊದಲನೆಯವನಿಗೆ ಏನಾದರೂ ಆದರೆ ದೇಶ ನಡೆಸಬಲ್ಲನೇ ಎಂದು ತಿಂಗಳುಗಟ್ಟಲೆ ಕಿತ್ತಾಡುತ್ತಾರೆ. ಇಬ್ಬರು ಎರಡನೆಯವರನ್ನೇ ಎದುರುಬದುರು ನಿಲ್ಲಿಸಿ ಚರ್ಚೆ ಮಾಡಿಸುತ್ತಾರೆ. ಬ್ರಿಟನ್ನಿನ ಲೇಬರ್ ಪಕ್ಷದಲ್ಲಿ ಉಪನಾಯಕರನ್ನು ಸದಸ್ಯರೇ ಮತ ಹಾಕಿ ಆರಿಸುತ್ತಾರೆ; 2025ರ ಅಕ್ಟೋಬರಿನಲ್ಲಿ ಲೂಸಿ ಪೊವೆಲ್ ಹಾಗೆ ಆಯ್ಕೆಯಾದರು, ಯಾರಿಗೆ ಎಷ್ಟು ಮತ ಬಿತ್ತು ಎಂದು ಅಂದೇ ಪ್ರಕಟವಾಯಿತು. ನಮ್ಮಲ್ಲಿ? 2023ರ ಮೇ 13ಕ್ಕೆ ಫಲಿತಾಂಶ. ಕಾಂಗ್ರೆಸ್ಸಿಗೆ 224ರಲ್ಲಿ 135. ಮರುದಿನ ನಗರದ ಹೋಟೆಲೊಂದರಲ್ಲಿ ವೀಕ್ಷಕರು ಶಾಸಕರ ಅಭಿಪ್ರಾಯವನ್ನು ಒಬ್ಬೊಬ್ಬರಾಗಿ ಕೇಳಿ ಪಡೆದರು. ಆ ಲೆಕ್ಕ ಹೊರಗೆ ಬರಲಿಲ್ಲ. ನಿರ್ಧಾರ ದೆಹಲಿಗೆ ಹೋಯಿತು. ಮೇ 20ರಂದು ಕಂಠೀರವ ಕ್ರೀಡಾಂಗಣದಲ್ಲಿ ಒಬ್ಬರು ಮುಖ್ಯಮಂತ್ರಿ, ಒಬ್ಬರು ಉಪಮುಖ್ಯಮಂತ್ರಿ ಎಂದು ಪ್ರಮಾಣ ತೆಗೆದುಕೊಂಡರು. ಆ ನಡುವಿನ ದಿನಗಳಲ್ಲಿ ಯಾರು ಯಾರಿಗೆ ಏನು ಮಾತು ಕೊಟ್ಟರು ಎಂಬುದರ ಮೇಲೇ ಇಂದಿನ ಜಗಳವೆಲ್ಲ ನಿಂತಿದೆ. ಎರಡೂವರೆ ವರ್ಷದ ಒಪ್ಪಂದ ಇತ್ತು ಎನ್ನುವವರಿದ್ದಾರೆ, ಇರಲಿಲ್ಲ ಎನ್ನುವವರಿದ್ದಾರೆ. 135 ಜನರನ್ನು ಗೆಲ್ಲಿಸಿದ ಮತದಾರನಿಗೆ ಮಾತ್ರ ಕಾಗದದ ತುಂಡೂ ತೋರಿಸಿಲ್ಲ.

ಗುಟ್ಟಿನ ಒಪ್ಪಂದಕ್ಕೂ ಬಹಿರಂಗ ಒಪ್ಪಂದಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿಗೆ 2007 ಇದೆ. ಜೆಡಿಎಸ್ ಮತ್ತು ಬಿಜೆಪಿ 20 ತಿಂಗಳು ನೀನು, 20 ತಿಂಗಳು ನಾನು ಎಂದು ಊರಿಗೆಲ್ಲ ಕೇಳುವಂತೆ ಒಪ್ಪಿಕೊಂಡಿದ್ದವು. ಉಪಮುಖ್ಯಮಂತ್ರಿಯ ಆಸೆ ಅಲ್ಲಿ ಅಡಗಿಸಿಟ್ಟದ್ದಲ್ಲ, ತಾರೀಖು ಹಾಕಿಟ್ಟದ್ದು. ಅಕ್ಟೋಬರಿನಲ್ಲಿ ಆ ಮಾತು ಮುರಿಯಿತು. ನವೆಂಬರಿನಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿಯಾದರು, ಒಂದು ವಾರ ಮಾತ್ರ. ವಚನಭ್ರಷ್ಟ ಎಂಬ ಪದ ಹಳ್ಳಿಹಳ್ಳಿಯಲ್ಲಿ ಓಡಾಡಿತು. 2008ರ ಚುನಾವಣೆಯಲ್ಲಿ ಬಿಜೆಪಿಗೆ 110 ಸ್ಥಾನ ಬಂತು. ಆ ಒಪ್ಪಂದ ನನಗೆ ಆಗಲೂ ಇಷ್ಟವಿರಲಿಲ್ಲ, ಈಗಲೂ ಇಲ್ಲ. ರಾಜ್ಯವನ್ನು ಪಾಲುದಾರಿಕೆಯ ಅಂಗಡಿಯಂತೆ ತಿಂಗಳ ಲೆಕ್ಕದಲ್ಲಿ ಹಂಚಿಕೊಂಡದ್ದು ಅದು. ಆದರೂ ಅದರಲ್ಲಿ ಒಂದು ಅನುಕೂಲವಿತ್ತು: ಮಾತು ಬಹಿರಂಗವಾಗಿದ್ದರಿಂದ ಅದನ್ನು ಮುರಿದದ್ದು ಯಾರೆಂದು ಮತದಾರ ತಾನೇ ತೀರ್ಪು ಕೊಡಬಹುದಾಗಿತ್ತು, ಕೊಟ್ಟ. ಈಗಿನದರಲ್ಲಿ ನಮಗೆ ಉಳಿದಿರುವ ಕೆಲಸ ನಾಷ್ಟಾ ನೋಡುವುದು.

ಇನ್ನೊಂದು ಮಾತು. ಉಪಮುಖ್ಯಮಂತ್ರಿ ಎಂಬ ಹುದ್ದೆ ಸಂವಿಧಾನದಲ್ಲಿ ಇಲ್ಲವೇ ಇಲ್ಲ. 164ನೇ ವಿಧಿಯಲ್ಲಿ ಮುಖ್ಯಮಂತ್ರಿ ಇದ್ದಾರೆ, ಇತರ ಮಂತ್ರಿಗಳು ಇದ್ದಾರೆ, ಅಷ್ಟೇ. 1989ರಲ್ಲಿ ದೇವಿಲಾಲ್ ಪ್ರಮಾಣವಚನದ ಹೊತ್ತಿಗೆ ‘ಮಂತ್ರಿ’ ಎನ್ನುವ ಬದಲು ‘ಉಪಪ್ರಧಾನಿ’ ಎಂದೇ ಓದಿದರು. ಅದೂ ಡಿಸೆಂಬರ್ 2, ನಾಟಿ ಕೋಳಿಯ ತಾರೀಖೇ. ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದು ಬರೀ ಬಣ್ಣನೆಯ ಪದ, ಕಾನೂನಿನ ಕಣ್ಣಿಗೆ ಅವರು ಮಂತ್ರಿಯೇ ಎಂದು ಕೋರ್ಟು ಹೇಳಿತು. 2024ರ ಫೆಬ್ರವರಿಯಲ್ಲಿ ರಾಜ್ಯಗಳ ಉಪಮುಖ್ಯಮಂತ್ರಿಗಳ ವಿರುದ್ಧ ಬಂದ ಅರ್ಜಿಯನ್ನು ತಳ್ಳಿಹಾಕುವಾಗಲೂ ಸುಮಾರಾಗಿ ಅದೇ ಮಾತು. 2019ರಲ್ಲಿ ಯಡಿಯೂರಪ್ಪನವರು ಮೂವರಿಗೆ ಒಟ್ಟಿಗೇ ಈ ಬಣ್ಣನೆ ಹಂಚಿದರು. ಇಷ್ಟು ಜನರ ಸಾಲಿನಲ್ಲಿ ಒಬ್ಬ ಹೆಂಗಸೂ ಇಲ್ಲ ಎನ್ನುವುದನ್ನು ‘ಯೋಗ್ಯತೆ’ಯ ಚರ್ಚೆ ಮಾಡುವವರು ಒಮ್ಮೆಯೂ ಎತ್ತಿದ್ದನ್ನು ನಾನು ಕೇಳಿಲ್ಲ.

ಈಗ ಯೋಗ್ಯತೆಗೆ ಬರೋಣ.

ಶಿವಕುಮಾರರು ತಕ್ಕವರಲ್ಲ ಎನ್ನುವವರ ಕೈಯಲ್ಲಿ ಏನಿದೆ? 2019ರ ಬಂಧನ, ತಿಹಾರ್ ಜೈಲು. ಆ ಅಕ್ರಮ ಹಣ ವರ್ಗಾವಣೆಯ ಪ್ರಕರಣವನ್ನು 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಹಾಗಾಗಿ ಆ ಜೈಲನ್ನು ಎಷ್ಟು ಸಲ ಹೇಳಿದರೂ ಅದು ವಾದವಾಗುವುದಿಲ್ಲ. ಅತ್ತ ಅವರ ಬೆಂಬಲಿಗರು ಅದನ್ನು ಹುತಾತ್ಮಪಟ್ಟ ಮಾಡಿಕೊಂಡಿದ್ದಾರೆ. ರದ್ದಾದ ಪ್ರಕರಣ ಆಡಳಿತದ ಸರ್ಟಿಫಿಕೇಟೂ ಅಲ್ಲ. 2023ರ ಪ್ರಮಾಣಪತ್ರದಲ್ಲಿ ಅವರು ಘೋಷಿಸಿದ ಆಸ್ತಿ 1,413 ಕೋಟಿ ರೂಪಾಯಿ. ಇದನ್ನು ಕೇಳಿ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ನಿಂತವನಿಗೆ ತಲೆ ತಿರುಗುವುದು ಸಹಜ, ಆದರೆ ಸಿರಿವಂತಿಕೆ ಕಾನೂನಿನ ಅನರ್ಹತೆ ಅಲ್ಲ. ಉಳಿದದ್ದು ಜಾತಿ. ಒಕ್ಕಲಿಗರಿಗೆ ಸರದಿ ಬಂತು ಎಂದು ಮಠದಿಂದ ಒಂದು ದನಿ, ಅಹಿಂದ ನಾಯಕನನ್ನು ಇಳಿಸಬೇಡಿ ಎಂದು ಇನ್ನೊಂದು ದನಿ. ನಮ್ಮ ಕಡೆ ಈ ಲೆಕ್ಕ ಕೂಡಿಬರುವುದೇ ಇಲ್ಲ. ಶಿವಾಜಿನಗರದಲ್ಲಿ ದಖನಿ ಉರ್ದು, ಹಲಸೂರಿನಲ್ಲಿ ತಮಿಳು, ಕೆ.ಆರ್. ಪುರದ ಕಡೆ ತೆಲುಗು ಬೆರೆತ ಕನ್ನಡ, ಇಂದಿರಾನಗರದ ನೂರಡಿ ರಸ್ತೆಯಲ್ಲಿ ಏನೇನೋ. ಕುರ್ಚಿಯ ಜಗಳದಲ್ಲಿ ಈ ಜನರಿಗೆ ಪಾತ್ರವೇ ಇಲ್ಲ. ಇವರ ನೆನಪಾಗುವುದು ಶಿವಾಜಿನಗರದ ಮೆಟ್ರೊ ನಿಲ್ದಾಣಕ್ಕೆ ಸಂತ ಮೇರಿಯ ಹೆಸರಿಡಬೇಕೋ ಬೇಡವೋ ಎಂದು ಕಚ್ಚಾಡಲು ಮಾತ್ರ.

ಯೋಗ್ಯತೆಯನ್ನು ಅಳೆಯಲು ಹುಟ್ಟು, ಹಣ, ಜೈಲು ಏನೂ ಬೇಕಾಗಿಲ್ಲ. ಈ ಮನುಷ್ಯನ ಕೈಯಲ್ಲಿ ಎರಡೂವರೆ ವರ್ಷದಿಂದ ಬೆಂಗಳೂರು ಅಭಿವೃದ್ಧಿ ಖಾತೆ ಇದೆ. ಪರೀಕ್ಷೆ ನಡೆದಿದೆ, ಉತ್ತರಪತ್ರಿಕೆ ಮೇಜಿನ ಮೇಲಿದೆ. ಅದನ್ನು ತಿದ್ದುವವರು ಮಾತ್ರ ಇಲ್ಲ.

ಜೂನ್ 4ರಿಂದ ಶುರು ಮಾಡೋಣ. ಹಿಂದಿನ ರಾತ್ರಿ ಆರ್‌ಸಿಬಿ ಹದಿನೆಂಟು ವರ್ಷ ಕಾದು ಐಪಿಎಲ್ ಗೆದ್ದಿತ್ತು. ಉಪಮುಖ್ಯಮಂತ್ರಿ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಹೋಗಿ ತಂಡವನ್ನು ಬರಮಾಡಿಕೊಂಡರು. ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ ಸನ್ಮಾನ. ಅಲ್ಲಿಂದ ಕೂಗಳತೆಯಲ್ಲಿರುವ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ ನೂಕುನುಗ್ಗಲು, 11 ಜನ ಸತ್ತರು. ಹೆಚ್ಚಿನವರು ಎಳೆಯರು. ಆ ಸಂಜೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಮುಂದೆ ಮಕ್ಕಳನ್ನು ಹುಡುಕಿಕೊಂಡು ಬಂದವರ ದೃಶ್ಯ ಟಿವಿಯಲ್ಲಿ ನೋಡಿದವರು ಮರೆತಿರಲಾರರು. ಮರುದಿನ ಪೊಲೀಸ್ ಕಮಿಷನರ್ ಸೇರಿ ಅಧಿಕಾರಿಗಳ ಅಮಾನತು. ನಂತರ ಆಯೋಗ, ವರದಿ.

ಆದರೆ ಆಗ ಚರ್ಚೆ ಎತ್ತ ಹೋಯಿತು ನೋಡಿ. ಇದು ಮುಖ್ಯಮಂತ್ರಿಗೆ ಹೊಡೆತವೋ ಉಪಮುಖ್ಯಮಂತ್ರಿಗೆ ಹೊಡೆತವೋ? ಕಪ್ಪಿನ ಜೊತೆ ಯಾರ ಫೋಟೊ ಹೆಚ್ಚು ಬಂತು? ಇದರಿಂದ ಕುರ್ಚಿ ಯಾರಿಗೆ ಹತ್ತಿರವಾಯಿತು? ಆಗಸ್ಟ್‌ನಲ್ಲಿ ವಿಧಾನಸಭೆ ಇದೇ ಸಾವುಗಳ ಬಗ್ಗೆ ಚರ್ಚೆಗೆ ಕೂತಿತು. 21ನೇ ತಾರೀಖು ಅಶೋಕ ಅವರು ಏನೋ ಕೆಣಕಿದರು, ಶಿವಕುಮಾರರು ಎದ್ದು ಆರೆಸ್ಸೆಸ್ಸಿನ ಪ್ರಾರ್ಥನಾ ಗೀತೆಯ ಸಾಲು ಹೇಳಿದರು. ಬಿಜೆಪಿಯವರು ಮೇಜು ಕುಟ್ಟಿದರು. ಅಲ್ಲಿಗೆ 11 ಜನರ ಸಾವು ಮುಗಿಯಿತು. ಮುಂದಿನ ಒಂದು ವಾರ ರಾಜ್ಯವೆಲ್ಲ ಮಾತಾಡಿದ್ದು ಆ ಹಾಡಿನ ಬಗ್ಗೆ: ಅವರು ಆ ಕಡೆ ಹೊರಟರೇ, ದೆಹಲಿಗೆ ಸೂಚನೆ ಕೊಟ್ಟರೇ, ನಿಷ್ಠೆ ಗಟ್ಟಿಯೇ? ಕೊನೆಗೆ ಅವರು ಕ್ಷಮೆಯನ್ನೂ ಕೇಳಿದರು, ಹಾಡಿದ್ದಕ್ಕೆ. ಸತ್ತ ಮಕ್ಕಳ ತಾಯಿತಂದೆಯರು ಆ ದಿನ ಸದನದ ಕಲಾಪ ನೋಡುತ್ತಿದ್ದರೆ ಏನು ಅಂದುಕೊಂಡಾರು? ನನ್ನ ಮಟ್ಟಿಗೆ ಈ ಎರಡೂವರೆ ವರ್ಷದ ರಾಜಕೀಯದಲ್ಲಿ ಅತ್ಯಂತ ನಾಚಿಕೆಯ ಕ್ಷಣ ಅದು. ಹಾಡು ಹೇಳಿದವರಿಗಷ್ಟೇ ಅಲ್ಲ, ಕೆಣಕಿದವರಿಗೆ, ಮೇಜು ಕುಟ್ಟಿದವರಿಗೆ, ಅದನ್ನೇ ಕುರ್ಚಿಯ ಶಕುನ ಎಂದು ಓದಿದ ನಮ್ಮ ಪತ್ರಕರ್ತ ಗೆಳೆಯರಿಗೆ, ಎಲ್ಲರಿಗೂ.

‘ಇವನಿಗೆ ಆಸೆ ಇದೆ’ ಎಂಬ ಮಾತು ಮಾಡುವ ಕೆಲಸ ಇದೇ. ಎಂಥ ಪ್ರಶ್ನೆಯನ್ನೂ ಅದು ಕುರ್ಚಿಯ ಪ್ರಶ್ನೆಯಾಗಿ ಬದಲಿಸಿಬಿಡುತ್ತದೆ. ಮೇ ತಿಂಗಳ ಮಳೆಗೆ ಹೊರಮಾವಿನ ಸಾಯಿ ಲೇಔಟ್ ಮುಳುಗಿತು. ಅದು ಮುಳುಗಿದ್ದು ಮೊದಲ ಸಲವೂ ಅಲ್ಲ. 2022ರಲ್ಲಿ ಪಕ್ಕದ ಮಹದೇವಪುರ ಮುಳುಗಿದಾಗ ಬಿಜೆಪಿ ಸರ್ಕಾರ, ಈಗ ಕಾಂಗ್ರೆಸ್ ಸರ್ಕಾರ. ನೀರಿಗೆ ಪಕ್ಷ ಗೊತ್ತಿಲ್ಲ. ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಗುಂಡಿ, ದಟ್ಟಣೆ ತಾಳಲಾರದೆ ಬ್ಲ್ಯಾಕ್‌ಬಕ್ ಎಂಬ ಕಂಪನಿ ಅಲ್ಲಿಂದ ಕಚೇರಿ ಬಿಡುವುದಾಗಿ ಹೇಳಿತು. ಉತ್ತರವಾಗಿ ಉಪಮುಖ್ಯಮಂತ್ರಿಗಳು ಸಿಟ್ಟಾದರು, ಬೆದರಿಕೆಗೆ ಬಗ್ಗುವುದಿಲ್ಲ ಎಂಬರ್ಥದ ಮಾತಾಡಿದರು. ನಾನು ಆ ರಸ್ತೆಯಲ್ಲಿ ದಿನಾ ಹೋಗುವವನು. ಟಿನ್ ಫ್ಯಾಕ್ಟರಿಯಿಂದ ತೂಗುಸೇತುವೆಯವರೆಗೆ ಬಸ್ಸಿನ ಬಾಗಿಲಲ್ಲಿ ನಿಂತವರೆಲ್ಲ ಹಾಗಾದರೆ ಬೆದರಿಕೆ ಹಾಕುತ್ತಿದ್ದೇವೆ ಎಂದಾಯಿತು. ಇದು ಯೋಗ್ಯತೆಯ ಪ್ರಶ್ನೆ. ದೂರು ಬಂದಾಗ ದೂರಿದವನ ಮೇಲೆ ಎಗರುವುದು ಮೊದಲ ಕುರ್ಚಿಗೆ ತಕ್ಕ ಗುಣವೇ ಎಂದು ಕೇಳಬೇಕು. ಕೇಳಿದವರು ಕಡಿಮೆ. ಏಕೆಂದರೆ ಅಷ್ಟರಲ್ಲಿ ‘ನವೆಂಬರ್ ಕ್ರಾಂತಿ’ಯ ಸುದ್ದಿ ಶುರುವಾಗಿತ್ತು.

ಅವರ ಪರವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ಸುಮ್ಮನೆ ಕೂರುವ ಮನುಷ್ಯ ಅಲ್ಲ. 2024ರ ಜನವರಿಯಲ್ಲಿ ‘ಬಾಗಿಲಿಗೆ ಬಂತು ಸರ್ಕಾರ’ ಎಂದು ಕೆ.ಆರ್. ಪುರದಿಂದ ಶುರು ಮಾಡಿ, ಬಿಸಿಲಲ್ಲಿ ಕೂತು ಜನರ ಅರ್ಜಿ ತೆಗೆದುಕೊಂಡರು. ಕೆ.ಆರ್. ಪುರದ ಶಾಸಕರು ಬಿಜೆಪಿಯವರು, ಆದರೂ ಅಲ್ಲಿಂದಲೇ ಶುರು ಮಾಡಿದರು. ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಗದರಿಸುವ ಶೈಲಿ ಕೆಲವರಿಗೆ ಒರಟು ಅನಿಸಬಹುದು, ನನಗೆ ಅನಿಸಲಿಲ್ಲ. ಆದರೆ ಆ ಸಾಲಿನಲ್ಲಿ ನಿಂತವರ ಕೈಯಲ್ಲಿದ್ದ ಕಾಗದ ಯಾವುದರ ಬಗ್ಗೆ? ಖಾತೆ, ಚರಂಡಿ, ಬೀದಿದೀಪ, ಕುಡಿಯುವ ನೀರು. ಮೋರಿ ಕಟ್ಟಿದ್ದನ್ನು ಹೇಳಿಕೊಳ್ಳಲು ಒಂದು ಕೋಟಿಗೂ ಮೀರಿದ ಜನರ ಊರಿನಲ್ಲಿ ಉಪಮುಖ್ಯಮಂತ್ರಿಯ ಮುಂದೆ ಸಾಲು ನಿಲ್ಲಬೇಕಾದರೆ, ಮಧ್ಯದಲ್ಲಿ ಇರಬೇಕಾದವನು ಯಾರೋ ಇಲ್ಲ ಎಂದರ್ಥ.

ಇಲ್ಲ. 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿಯ ಚುನಾಯಿತ ಸಭೆಯ ಅವಧಿ ಮುಗಿಯಿತು. ಅಂದಿನಿಂದ ಇಂದಿನವರೆಗೆ ಹಲಸೂರಿಗಾಗಲಿ, ಶಿವಾಜಿನಗರಕ್ಕಾಗಲಿ, ಇಂದಿರಾನಗರಕ್ಕಾಗಲಿ, ಕೆ.ಆರ್. ಪುರಕ್ಕಾಗಲಿ ಒಬ್ಬ ಕಾರ್ಪೊರೇಟರ್ ಇಲ್ಲ. ಐದು ವರ್ಷಕ್ಕೂ ಹೆಚ್ಚು. ಒಂದು ಪೂರ್ತಿ ಅವಧಿ ಖಾಲಿಯಾಗಿಯೇ ಕಳೆದುಹೋಯಿತು. ಸಂವಿಧಾನದ 243-ಯು ವಿಧಿ, ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ. ಇಲ್ಲದ ಹುದ್ದೆಯ ಬಗ್ಗೆ ಇಷ್ಟು ಗದ್ದಲ, ಸಂವಿಧಾನದಲ್ಲೇ ಇರುವ ಹುದ್ದೆಯ ಬಗ್ಗೆ ಮೌನ.

ಈ ಪಾಪದಲ್ಲಿ ಯಾರ ಕೈಯೂ ಶುಭ್ರವಿಲ್ಲ. ಮೊದಲ ಎರಡೂವರೆ ವರ್ಷ ಬಿಜೆಪಿಯದು, ನಂತರದ ಎರಡೂವರೆ ವರ್ಷ ಕಾಂಗ್ರೆಸ್ಸಿನದು. ನೋಡಿ, ಇಲ್ಲಿ ಅಧಿಕಾರ ಹಂಚಿಕೆ ಎಷ್ಟು ಚೊಕ್ಕವಾಗಿ ನಡೆದಿದೆ. 198 ವಾರ್ಡು ಇದ್ದದ್ದು ಬಿಜೆಪಿ ಕಾಲಕ್ಕೆ 243 ಆಯಿತು. ಕಾಂಗ್ರೆಸ್ ಬಂದು 225 ಮಾಡಿತು. ಈಗ ಗ್ರೇಟರ್ ಬೆಂಗಳೂರು ಕಾಯ್ದೆ, ಐದು ಪಾಲಿಕೆ, 369 ವಾರ್ಡು. ಮೂರು ಸಲ ನಕ್ಷೆ ಬರೆದರು, ಒಂದು ಸಲವೂ ಮತಪೆಟ್ಟಿಗೆ ಬರಲಿಲ್ಲ. ಇದರಲ್ಲೊಂದು ತಮಾಷೆ ಇದೆ. 2020ರ ಬಿಬಿಎಂಪಿ ಕಾಯ್ದೆ ಮೇಯರ್, ಉಪಮೇಯರ್ ಅವಧಿಯನ್ನು ಒಂದು ವರ್ಷದಿಂದ 30 ತಿಂಗಳಿಗೆ ಏರಿಸಿತು. 30 ತಿಂಗಳು ಅಂದರೆ ಎರಡೂವರೆ ವರ್ಷ! ಆ ಕಾನೂನು ಜಾರಿಯಲ್ಲಿದ್ದಷ್ಟು ದಿನವೂ ಆ ಕುರ್ಚಿಯಲ್ಲಿ ಒಬ್ಬನೂ ಕೂರಲಿಲ್ಲ. ರಾಜ್ಯದ ಎರಡೂವರೆ ವರ್ಷಕ್ಕೆ ಬರವಣಿಗೆಯೇ ಇಲ್ಲ, ಜಗಳ ಬೇಕಾದಷ್ಟಿದೆ. ನಗರದ ಎರಡೂವರೆ ವರ್ಷಕ್ಕೆ ಕಾನೂನೇ ಇತ್ತು, ಜಗಳ ಮಾಡುವವರೂ ಇರಲಿಲ್ಲ.

ಹಲಸೂರಿನ ಮಾರುಕಟ್ಟೆ ಬೀದಿಯಲ್ಲಿ ನಾನು ಹೂ ಕೊಳ್ಳುವ ಗಾಡಿಯವರು ಒಬ್ಬರಿದ್ದಾರೆ. ಗಾಡಿಯ ಹಿಂದಿನ ಚರಂಡಿ ಉಕ್ಕಿದಾಗ ಯಾರಿಗೆ ಹೇಳುತ್ತೀರಿ ಎಂದು ಕೇಳಿದೆ. “ಹಳೇ ಕಾರ್ಪೊರೇಟರ್‌ಗೇ ಸಾರ್. ನಂಬರ್ ಹಂಗೇ ಇಟ್ಕೊಂಡಿದೀನಿ. ಪಾಪ, ಎತ್ತುತಾರೆ. ಎಲೆಕ್ಷನ್ ಬಂದ್ರೆ ಟಿಕೆಟ್ ಬೇಕಲ್ಲ ಅವ್ರಿಗೆ” ಎಂದರು. ಐದು ವರ್ಷದ ಹಿಂದೆ ಅಧಿಕಾರ ಕಳೆದುಕೊಂಡ ಮನುಷ್ಯ ಇಂದಿಗೂ ಫೋನು ಎತ್ತುತ್ತಾನೆ, ಏಕೆಂದರೆ ಅವನಿಗೆ ಆಸೆ ಇದೆ. ಈ ಆಸೆಯನ್ನು ಯಾರಾದರೂ ಖಂಡಿಸಿ ನೋಡೋಣ.

ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಅಧ್ಯಕ್ಷರು ಮುಖ್ಯಮಂತ್ರಿ, ಉಪಾಧ್ಯಕ್ಷರು ಬೆಂಗಳೂರು ಅಭಿವೃದ್ಧಿ ಮಂತ್ರಿ, ಅಂದರೆ ಉಪಮುಖ್ಯಮಂತ್ರಿ. ಅದೇ ಜೋಡಿ, ಇನ್ನೆರಡು ಕುರ್ಚಿ. ಈ ಮಸೂದೆಯನ್ನು ಪರಿಶೀಲಿಸಿದ ಸದನ ಸಮಿತಿಯ ಅಧ್ಯಕ್ಷರು ನಮ್ಮ ಶಿವಾಜಿನಗರದ ಶಾಸಕ ರಿಜ್ವಾನ್ ಅರ್ಷದ್. ಅಧಿಕಾರ ಕೆಳಕ್ಕೆ ಹೋಗುತ್ತದೆ ಎಂದು ಹೇಳಿಕೊಂಡೇ ಮಸೂದೆ ಬಂತು. ಸೆಪ್ಟೆಂಬರ್ 2ರಂದು ಐದು ಪಾಲಿಕೆಗಳು ಹುಟ್ಟಿದವು, ಕೆ.ಆರ್. ಪುರ, ಮಹದೇವಪುರ ಸೇರಿ ಪೂರ್ವ ಪಾಲಿಕೆ, ಶಿವಾಜಿನಗರ, ಹಲಸೂರು, ಇಂದಿರಾನಗರ ಕೇಂದ್ರ ಪಾಲಿಕೆಗೆ. ಹುಟ್ಟಿದ್ದು ಪಾಲಿಕೆ, ಬಂದದ್ದು ಆಯುಕ್ತರು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್ ಸುರಂಗ ಕೊರೆಯುತ್ತೇವೆ ಎಂದು ಹೊರಟಿದ್ದಾರೆ, ಸಾವಿರಾರು ಕೋಟಿಯ ಬಾಬತ್ತು. ಬೇಕೋ ಬೇಡವೋ ಎನ್ನುವುದು ಬೇರೆ ಜಗಳ. ಆದರೆ ಇಂಥದ್ದೊಂದು ಯೋಜನೆಯನ್ನು ಚರ್ಚಿಸಲು ಈ ಊರಿನಲ್ಲಿ ಚುನಾಯಿತರ ಒಂದು ಸಭೆಯೇ ಇಲ್ಲ.

ದಂಡಿನವರಿಗೆ ಇದು ಹೊಸ ಅನುಭವವಲ್ಲ, ಅಷ್ಟು ಮಟ್ಟಿಗೆ ನಾವು ಪಳಗಿದವರು. 1881ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಬ್ರಿಟಿಷರು ದಂಡು ಪ್ರದೇಶವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಪೇಟೆಯವರಿಗೆ ಮಹಾರಾಜರು, ದಿವಾನರು. ನಮಗೆ ರೆಸಿಡೆಂಟ್ ಸಾಹೇಬರು. ಸ್ವಾತಂತ್ರ್ಯಕ್ಕೆ ಮೂರು ವಾರ ಇರುವಾಗ, 1947ರ ಜುಲೈ 26ಕ್ಕೆ, ದಂಡು ಮೈಸೂರಿಗೆ ಮರಳಿತು. 1949ರ ಕಾಯ್ದೆ ಪೇಟೆಯ ಮತ್ತು ದಂಡಿನ ಎರಡು ಪುರಸಭೆಗಳನ್ನು ಸೇರಿಸಿ ಒಂದು ಕಾರ್ಪೊರೇಷನ್ ಮಾಡಿತು. ಹಲಸೂರಿನವನೂ ಬಸವನಗುಡಿಯವನೂ ಒಂದೇ ಸಭೆಯಲ್ಲಿ ಕೂತು ಜಗಳ ಮಾಡಲು ಸಾಧ್ಯವಾದದ್ದು ಹಾಗೆ. ಈಗ ಊರು ಮತ್ತೆ ಐದಾಗಿದೆ, ಸಭೆ ಒಂದೂ ಇಲ್ಲ, ಸಾಹೇಬರು ಐವರು.

ಇದನ್ನೆಲ್ಲ ಹೇಳಿದಾಗ ಗೆಳೆಯರೊಬ್ಬರು ರೇಗಿದರು: ರಾಜ್ಯದ ಚುಕ್ಕಾಣಿ ಯಾರ ಕೈಗೆ ಎನ್ನುವ ಹೊತ್ತಿನಲ್ಲಿ ನೀನು ಮೋರಿ ಮಾತಾಡುತ್ತೀಯ ಮಾರಾಯ. ಚುಕ್ಕಾಣಿ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಮುಖ್ಯವಾದ್ದರಿಂದಲೇ ಅದನ್ನು ಬೆಳಗಿನ ಇಡ್ಲಿಗೆ ಬಿಡಬೇಡಿ ಎನ್ನುತ್ತಿದ್ದೇನೆ. ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತದೆ. 135ಕ್ಕೂ ಹೆಚ್ಚು ಶಾಸಕರು ಒಂದೇ ಊರಿನಲ್ಲಿರುತ್ತಾರೆ. ಶಾಸಕಾಂಗ ಪಕ್ಷದ ಸಭೆ ಕರೆಯಿರಿ, ಇಬ್ಬರೂ ನಿಲ್ಲಲಿ, ಏನು ಮಾಡಿದ್ದೇವೆ ಏನು ಮಾಡುತ್ತೇವೆ ಎಂದು ಇಬ್ಬರೂ ಹೇಳಲಿ, ಮತ ಹಾಕಿ, ಎಣಿಸಿ, ಸಂಖ್ಯೆಯನ್ನು ಅಂದೇ ಹೊರಗೆ ಹೇಳಿ. ಶಿವಕುಮಾರರು ಗೆದ್ದರೆ ಅವರ ಆಸೆಗೆ ಮಾನ ಬಂದಂತೆ. ಸಿದ್ದರಾಮಯ್ಯನವರು ಗೆದ್ದರೆ ಉಳಿದ ಎರಡೂವರೆ ವರ್ಷ ಯಾರ ಹಂಗೂ ಇಲ್ಲದೆ ಆಳಬಹುದು. ಹೈಕಮಾಂಡ್ ಎಂಬ ಮಾತು ಬಂದಾಗ ಎರಡೂ ಕಡೆಯವರು ತಲೆ ಬಾಗಿಸುತ್ತಾರಲ್ಲ, ಅದಕ್ಕಿಂತ ದೊಡ್ಡ ಅಯೋಗ್ಯತೆ ಯಾವುದು ಎಂದು ನನಗೆ ತಿಳಿದಿಲ್ಲ. ಬಿಜೆಪಿಯವರು ನಗುವುದು ಬೇಡ. 2021ರಲ್ಲಿ ಯಡಿಯೂರಪ್ಪನವರನ್ನು ಇಳಿಸಿ ಬೊಮ್ಮಾಯಿಯವರನ್ನು ಕೂರಿಸಿದ್ದೂ ದೆಹಲಿಯೇ.

ಗೆದ್ದವರು ಯಾರೇ ಆಗಲಿ, ಅವರಿಗೆ ಮೊದಲ ಪ್ರಶ್ನೆ ನಮ್ಮ ಕಡೆಯಿಂದ ಸಿದ್ಧವಿದೆ. ನವೆಂಬರಿನಲ್ಲಿ ವಾರ್ಡುಗಳ ಅಂತಿಮ ಪಟ್ಟಿ ಹೊರಬಿತ್ತು. ಪೂರ್ವ ಪಾಲಿಕೆಗೆ 50, ಕೇಂದ್ರ ಪಾಲಿಕೆಗೆ 63. ಪ್ರತಿಯೊಂದಕ್ಕೂ ಸಂಖ್ಯೆ ಇದೆ, ಹೆಸರು ಇದೆ, ಯಾವ ರಸ್ತೆಯಿಂದ ಯಾವ ರಾಜಕಾಲುವೆಯವರೆಗೆ ಎಂಬ ಗಡಿ ಇದೆ. ಆಗಿನ್ನೂ ಮೀಸಲಾತಿ ಪಟ್ಟಿ ಬಂದಿರಲಿಲ್ಲ, ಚುನಾವಣೆಯ ತಾರೀಖು ಬಂದಿರಲಿಲ್ಲ. ಪ್ರಾಧಿಕಾರದ ಅಧ್ಯಕ್ಷರೂ ಉಪಾಧ್ಯಕ್ಷರೂ ಒಂದೇ ಮೇಜಿನಲ್ಲಿ ಎರಡು ಸಲ ಕೂತೆದ್ದರು. ಹೊರಗೆ ಮೈಕು ಹಿಡಿದು ನಿಂತಿದ್ದವರಲ್ಲಿ ಆ ತಾರೀಖು ಕೇಳಿದವರು ನನ್ನ ಕಣ್ಣಿಗೆ ಬೀಳಲಿಲ್ಲ.